ಸಕಾರದ ಸಿಳ್ಳೆ

ಫೆಬ್ರವರಿ 11

ಮಗಳೇ,

ನನ್ನ ಕೈಬರಹ ಕಂಡು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ, ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಫೋನಿನಲ್ಲಿ ಮಾತಾಡೋಣವೆಂದರೆ ನನಗೆ ಕೇಳಿಸದು. ಎದುರಿಗೆ ನಿಂತವರ ತುಟಿ ನೋಡಿ ಅರ್ಥಮಾಡಿಕೊಳ್ಳುವವನು ನಾನು, ಫೋನಿಗೆ ತುಟಿಯಿಲ್ಲ. ಮೆಸೇಜು ಕಳಿಸೋಣವೆಂದರೆ ಈ ಮನೆಯ ಫೋನು ನಿನ್ನಮ್ಮನ ಕೈಯಲ್ಲಿರುತ್ತದೆ, ನಿನಗಿಂತ ಮೊದಲು ಅವಳೇ ಓದುತ್ತಾಳೆ. ಇದು ನಮ್ಮಿಬ್ಬರ ಮಾತು. ಅದಕ್ಕೇ ಅಂಚೆ.

ನಿನ್ನ ಹೊಸ ಆಲ್ಬಮ್ಮಿನ ಬಗ್ಗೆ ಬಂದದ್ದನ್ನೆಲ್ಲ ಕತ್ತರಿಸಿ ಒಂದು ರಟ್ಟಿನ ಫೈಲಿನಲ್ಲಿ ಇಟ್ಟಿದ್ದೇನೆ. ಕಿವುಡ ಅಪ್ಪನಿಗೆ ಮಗಳ ಹಾಡು ಬಂದು ತಲುಪುವುದು ಹೀಗೆಯೇ ತಾನೇ? ಮೂವತ್ತೈದು ವರ್ಷ ಅಚ್ಚಿನ ಯಂತ್ರ ಓಡಿಸಿದವನು ನಾನು, ಕಾಗದದ ಮೇಲೆ ಬಿದ್ದ ಮಾತನ್ನು ಸ್ವಲ್ಪ ಜಾಸ್ತಿಯೇ ನಂಬುತ್ತೇನೆ. ಭಾನುವಾರದ ಪತ್ರಿಕೆಯವರಂತೂ ನಿನ್ನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ. "ಇಷ್ಟು ವರ್ಷ ತಂಡದ ಜೊತೆ ನಮ್ಮನ್ನು ಕುಣಿಸಿದವಳು 'ಸೋಮವಾರದ ಸದ್ದು' ಆಲ್ಬಮ್ಮಿನಲ್ಲಿ ಒಬ್ಬಳೇ ಬಂದು, ನಮ್ಮನ್ನು ಕೂರಿಸಿ ಮಾತಾಡುತ್ತಾಳೆ. ಪ್ರತಿ ಸಕಾರವೂ ಸಿಳ್ಳೆಯಂತೆ ಸೀಳಿಕೊಂಡು ಬರುತ್ತದೆ. ಇದು ಕೈತಪ್ಪಲ್ಲ, ನಲವತ್ತು ದಾಟಿದ ಹೆಂಗಸಿನ ಸಿಟ್ಟು." ಮಾಸಪತ್ರಿಕೆಯವನು ಇನ್ನೂ ಒಂದು ಹೆಜ್ಜೆ ಮುಂದೆ. ನಿನ್ನ ಸಕಾರಗಳಲ್ಲಿ ಅವನಿಗೆ ಸೂಜಿ, ಗಾಜು, ಹಾವು ಎಲ್ಲವೂ ಕಂಡಿವೆ. ಮೂರನೆಯವನೊಬ್ಬ ಮಾತ್ರ "ಕಿವಿ ನೋಯುತ್ತದೆ, ಧ್ವನಿಮುದ್ರಣ ಮಾಡಿದವರು ನಿದ್ದೆ ಮಾಡುತ್ತಿದ್ದರೇ?" ಎಂದು ಬರೆದಿದ್ದಾನೆ. ಹೊಟ್ಟೆಕಿಚ್ಚಿನ ಪ್ರಾಣಿ ಎಂದು ನಿನ್ನಮ್ಮ ಬೈದಳು.

ಆಮೇಲೆ ಅವಳನ್ನೇ ಕೂರಿಸಿಕೊಂಡು ಕೇಳಿದೆ, ನಿಜವಾಗಿ ಹೇಗಿದೆ ಸಕಾರ ಎಂದು. "ಕಿವಿಗೆ ಸೂಜಿ ಹಾಕ್ದಂಗಿದೆ ಕಣ್ರೀ. ಆದ್ರೆ ದೊಡ್ಡೋರು ಮೆಚ್ಕೊಂಡಿದಾರೆ, ನಮಗೇನ್ ಗೊತ್ತಾಗತ್ತೆ?" ಎಂದಳು.

ಒಂದು ಸಣ್ಣ ಪ್ರಶ್ನೆ, ಸುಮ್ಮನೆ ಕೇಳುತ್ತಿದ್ದೇನೆ. ನಿನ್ನ ಮನೆಯಲ್ಲಿ ಟೀ ನೀರಿಗೆ ಇಡುವ ಕೆಟಲ್ ಇದೆಯಲ್ಲ, ಅದು ಸಿಳ್ಳೆ ಹೊಡೆಯುವುದು ಪಕ್ಕದ ಕೋಣೆಗೆ ಕೇಳಿಸುತ್ತದೆಯೇ? ಹೌದು ಅಥವಾ ಇಲ್ಲ ಎಂದಷ್ಟೇ ಬರೆದರೆ ಸಾಕು.

ನಿನ್ನ
ಅಪ್ಪ


ಫೆಬ್ರವರಿ 23

ಅಪ್ಪಾ,

ಪತ್ರ ಬಂತು. ಅಂಚೆಯವನು ನನ್ನ ಮುಖ ನೋಡುತ್ತಾ ನಿಂತಿದ್ದ, ಕೋರ್ಟಿನ ನೋಟಿಸು ಎಂದುಕೊಂಡನೋ ಏನೋ. ನೀನು ನನಗೆ ಕೊನೆಯ ಸಲ ಬರೆದದ್ದು ನಾನು ಹಾಸ್ಟೆಲಿನಲ್ಲಿದ್ದಾಗ, ಅದೂ ಛತ್ರಿ ಬಿಟ್ಟುಹೋಗಿದ್ದೀಯೆ ಎಂದು ಬೈಯುವುದಕ್ಕೆ.

ಆ ಮೂರನೆಯವನ ಮಾತು ಬಿಡು. ನನಗೀಗ ನಲವತ್ತಮೂರು. ತಂಡದಲ್ಲಿದ್ದ ಹದಿನೆಂಟು ವರ್ಷವೂ ನಾನು "ಆ ಮೂವರಲ್ಲಿ ಎತ್ತರದವಳು" ಆಗಿದ್ದೆ. ಹಾಡುಗಳನ್ನೆಲ್ಲ ಬರೆಯುತ್ತಿದ್ದವಳು ನಾನು ಎಂದು ಯಾರಿಗೂ ಗೊತ್ತಿರಲಿಲ್ಲ. ಈಗ ಮೊದಲ ಸಲ ನನ್ನ ಹೆಸರಿನ ಕೆಳಗೆ ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದಾರೆ. ಸ್ವಲ್ಪ ದಿನ ಖುಷಿಯಾಗಿರಲು ಬಿಡಪ್ಪಾ.

ಇನ್ನು ಸಕಾರದ ಕಥೆ. ಗುಂಡ ಗೊತ್ತಲ್ಲ, ನಮ್ಮ ಸೌಂಡ್ ಎಂಜಿನಿಯರ್? ತಂಡ ಒಡೆದ ಮೇಲೂ ನನ್ನ ಜೊತೆಗೆ ಉಳಿದವನು ಅವನೊಬ್ಬನೇ. ಅವನು ಹಾಡಿನಲ್ಲಿದ್ದ ಸಕಾರಗಳನ್ನೆಲ್ಲ ತಗ್ಗಿಸಿಟ್ಟಿದ್ದ. ನನ್ನ ಕಿವಿಗೆ ಆ ಹಾಡು ಕಂಬಳಿ ಹೊದ್ದು ಮಲಗಿದಂತಿತ್ತು. "ಏರಿಸು" ಎಂದೆ. "ಅಕ್ಕಾ, ಚುಚ್ಚತ್ತೆ" ಎಂದ. "ಚುಚ್ಚಲಿ, ನಿನ್ನ ಕಿವಿ ಬಲು ನಾಜೂಕು" ಎಂದೆ. ಮೂರು ದಿನ ಜಟಾಪಟಿ. ಕೊನೆಗೆ "ನಿಮ್ಮ ಹಾಡು, ನಿಮ್ಮಿಷ್ಟ" ಎಂದು ಕೈಚೆಲ್ಲಿದ. ಈಗ ನೋಡಿದರೆ ಎಲ್ಲರೂ ಮೆಚ್ಚಿದ್ದು ಅದನ್ನೇ! ಗುಂಡನನ್ನು ದಿನಕ್ಕೊಮ್ಮೆ ರೇಗಿಸುತ್ತೇನೆ. ಅವನು ಯಾಕೋ ನಗುವುದಿಲ್ಲ.

ಮೇ ಮೂರರಿಂದ ಹನ್ನೆರಡು ಊರಿನಲ್ಲಿ ಕಾರ್ಯಕ್ರಮ. ಡ್ರಮ್ಮು, ಗಿಟಾರು ಎಲ್ಲ ಭರ್ತಿ. ವೇದಿಕೆಯ ಮೇಲೆ ಎರಡೂ ಕಿವಿಗೆ ಪುಟ್ಟ ಸ್ಪೀಕರು ಸಿಕ್ಕಿಸಿಕೊಂಡು ಹಾಡುವುದು. ಅಭ್ಯಾಸದಲ್ಲಿ ನನ್ನದನ್ನು ಎಷ್ಟು ಜೋರು ಮಾಡಿದರೂ ಸಾಲದು ಎನ್ನಿಸುತ್ತದೆ, ಅಷ್ಟು ಗಲಾಟೆ.

ಕೆಟಲ್ ಬಗ್ಗೆ ಯಾಕೆ ಕೇಳಿದೆಯೋ ತಿಳಿಯಲಿಲ್ಲ. ಅದರ ಸಿಳ್ಳೆ ಕೆಟ್ಟು ವರ್ಷವಾಯಿತು.

ಮಗಳು


ಮಾರ್ಚ್ 2

ಮಗಳೇ,

ನಿನ್ನ ಕಾಗದದ ಕೊನೆಯ ಸಾಲನ್ನು ಮೂರು ಸಲ ಓದಿದೆ.

ಕೆಟಲ್ ಕೆಟ್ಟಿಲ್ಲ. ಡಿಸೆಂಬರಿನಲ್ಲಿ ನಿನ್ನಮ್ಮ ನಿನ್ನ ಜೊತೆ ನಾಲ್ಕು ದಿನ ಇದ್ದು ಬಂದಳಲ್ಲ, ಆಗಲೇ ನನ್ನೆದುರು ನಿಂತು ಹೇಳಿದ್ದಳು: "ಅವಳ ಕೆಟಲ್ ಕೂಗಿದ್ರೆ ಪಕ್ಕದ ಮನೆಯೋರು ಗೋಡೆ ಬಡೀತಾರೆ. ಇವಳು ಪೇಪರ್ ಓದ್ತಾ ಕೂತಿರ್ತಾಳೆ, ನಿಮ್ಮ ಥರಾನೇ ಜಾಣಕಿವುಡು." ಅವಳು ನಕ್ಕಳು, ನಾನೂ ನಕ್ಕೆ. ಆ ವಿಮರ್ಶೆಗಳನ್ನು ಓದಿದ ದಿನ ಆ ಮಾತು ನೆನಪಾಗಿ ನಿನಗೆ ಕಾಗದ ಬರೆಯಲು ಕೂತೆ.

ನನಗೆ ಶುರುವಾದಾಗ ಮೂವತ್ತೊಂಬತ್ತು. ಮೊದಲು ಹೋದದ್ದು ಹಕ್ಕಿಗಳು. "ಈ ವರ್ಷ ಗುಬ್ಬಿಗಳು ಬರಲೇ ಇಲ್ಲವಲ್ಲ" ಎಂದೆ, ನಿನ್ನಮ್ಮ ಕಿಟಕಿಯ ಕಡೆ ಬೆರಳು ತೋರಿಸಿದಳು, ಸಾಲಾಗಿ ಕೂತಿದ್ದವು. ಆಮೇಲೆ ಕೈಗಡಿಯಾರ, ಕೆಟಲ್. ಆಮೇಲೆ ಸಕಾರ. ಜನ ಮಾತಾಡುವುದು ಕೇಳುತ್ತಿತ್ತು, ಆದರೆ ಮಾತಿನ ಹಲ್ಲುಗಳು ಒಂದೊಂದಾಗಿ ಉದುರಿದ್ದವು. ನನ್ನ ತಾಯಿಗೂ ಹೀಗೆಯೇ ಆಗಿತ್ತು. ಉಳಿದದ್ದನ್ನು ಯಂತ್ರದ ಸದ್ದು ತಿಂದುಹಾಕಿತು. ನಿವೃತ್ತಿಯಾಗುವವರೆಗೆ ಯಾರಿಗೂ ಹೇಳಲಿಲ್ಲ. ನನ್ನ ಕಿವಿ ಕೆಟ್ಟದ್ದು ನಿವೃತ್ತಿಯ ನಂತರ ಎಂದೇ ನೀವಿಬ್ಬರೂ ತಿಳಿದಿದ್ದೀರಿ.

ಒಂದು ಹೇಳುತ್ತೇನೆ, ಸಿಟ್ಟಾಗಬೇಡ. ನಿನಗೆ ಹದಿನೇಳು ವರ್ಷವಿದ್ದಾಗ ಕಾಲೇಜಿನಲ್ಲಿ ನಿನ್ನ ಮೊದಲ ಕಾರ್ಯಕ್ರಮ. ನಾನು ಬಂದಿದ್ದೆ, ಕೊನೆಯ ಸಾಲಿನಲ್ಲಿ ಕೂತಿದ್ದೆ. ಮುಗಿದ ಮೇಲೆ ಯಾವ ಹಾಡು ಇಷ್ಟವಾಯಿತು ಎಂದು ನೀನು ಕೇಳಿದೆ. "ಕೊನೆಯದು, ನದಿಯ ಹಾಡು" ಎಂದೆ. ಆ ಹಾಡನ್ನು ಅವತ್ತು ನೀವು ಹಾಡಿಯೇ ಇರಲಿಲ್ಲ, ಹೊತ್ತಾಯಿತೆಂದು ಬಿಟ್ಟಿದ್ದಿರಿ. ಕಾರ್ಯಕ್ರಮ ಪಟ್ಟಿಯನ್ನು ನಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿದವನು ನಾನೇ. ಅಚ್ಚಾಗಿದ್ದುದನ್ನು ಹೇಳಿದೆ. ನಾನು ಮಧ್ಯದಲ್ಲೇ ಎದ್ದುಹೋದೆ ಎಂದು ನೀನು ತಿಳಿದೆ. "ಇಲ್ಲ, ಇದ್ದೆ, ಕೇಳಿಸಲಿಲ್ಲ" ಎನ್ನಬಹುದಿತ್ತು. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಕೆಟ್ಟ ಅಪ್ಪ ಎನ್ನಿಸಿಕೊಳ್ಳುವುದು ಸುಲಭ ಅನ್ನಿಸಿತು.

ಆ ವಿಮರ್ಶಕರು ಬರೆದಿರುವುದು ನಿನ್ನ ಸಿಟ್ಟಿನ ಬಗ್ಗೆ ಅಲ್ಲ ಮಗಳೇ. ನಿನಗೆ ಕೇಳಿಸದೆ ಇರುವುದನ್ನು ನೀನು ಏರಿಸಿದ್ದೀಯೆ. ಕೈಮುಗಿದು ಕೇಳುತ್ತೇನೆ, ಮೇ ತಿಂಗಳಿಗೆ ಮೊದಲು ಕಿವಿ ಪರೀಕ್ಷೆ ಮಾಡಿಸು. ಕಿವಿಗೆ ಸಿಕ್ಕಿಸುವ ಆ ಸ್ಪೀಕರು ಹನ್ನೆರಡು ಊರು ಮುಗಿಯುವುದರೊಳಗೆ ಇದ್ದದ್ದನ್ನೂ ಮುಗಿಸುತ್ತದೆ. ನನಗೆ ತುಂಬ ಭಯವಾಗುತ್ತಿದೆ.

ಅಪ್ಪ


ಮಾರ್ಚ್ 24

ಮಗಳೇ,

ಉತ್ತರವಿಲ್ಲ. ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದೆಯಂತೆ, ನಕ್ಕೆಯಂತೆ. ಅವಳು ಮಾತಾಡುವಾಗ ಎದುರು ಕೂತು ಅವಳ ತುಟಿಯನ್ನೇ ನೋಡುತ್ತಿದ್ದೆ. "ಏನು? ಇಲ್ಲ, ಹಾಲಲ್ಲ, ಸಾಲು" ಎಂದು ಅವಳು ಮೂರು ಸಲ ಹೇಳಿದ್ದು ಕಂಡಿತು.

ಬೈದಾದರೂ ಬರೆ.

ಅಪ್ಪ


ಏಪ್ರಿಲ್ 3

ಅಪ್ಪಾ,

ಬೈಯಬೇಕೆಂದೇ ನಾಲ್ಕು ಸಲ ಕೂತೆ, ನಾಲ್ಕು ಸಲವೂ ಹರಿದು ಹಾಕಿದೆ.

ಇಪ್ಪತ್ತಾರು ವರ್ಷ ನೀನು ಎದ್ದುಹೋದೆ ಎಂದೇ ನಂಬಿದ್ದೆ. ಅದರ ಮೇಲೆ ಒಂದು ಹಾಡು ಬರೆದಿದ್ದೇನೆ, ಈ ಆಲ್ಬಮ್ಮಿನಲ್ಲಿ ನಾಲ್ಕನೆಯದು, "ಖಾಲಿ ಕುರ್ಚಿ". ಬಿಟ್ಟುಹೋದ ಪ್ರೇಮಿಯ ಹಾಡು ಅದು ಎಂದು ಮಾಸಪತ್ರಿಕೆಯವನು ಅರ್ಧ ಪುಟ ಕೊರೆದಿದ್ದಾನೆ. ಅವನಿಗೆ ಯಾರೆಂದು ತಿಳಿಯಲಿಲ್ಲ, ನನಗೆ ನಡೆದದ್ದೇನೆಂದು ತಿಳಿದಿರಲಿಲ್ಲ. ಕುರ್ಚಿಯಲ್ಲಿ ನೀನಿದ್ದೆ. ಆ ಹಾಡನ್ನು ಈಗ ಬಾಯಿಬಿಟ್ಟು ಹಾಡುವುದು ಹೇಗೆ? ಒಂದು ಮಾತು, ಒಂದೇ ಒಂದು ಮಾತು ಅವತ್ತೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನೀನು ಏನನ್ನೂ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ ಎಂದು ಎಷ್ಟು ಜನರ ಮುಂದೆ ಆಡಿಕೊಂಡಿದ್ದೇನೆ ಗೊತ್ತಾ?

ಸರಿ, ಬೈದದ್ದಾಯಿತು. ಈಗ ಕೇಳು. ಪರೀಕ್ಷೆ ಮಾಡಿಕೊಂಡೆ, ಆಸ್ಪತ್ರೆಯಲ್ಲಲ್ಲ. ಗುಂಡನನ್ನು ಸ್ಟುಡಿಯೋದಲ್ಲಿ ಕೂರಿಸಿ, "ಬಾಯಿಗೆ ಕಾಗದ ಅಡ್ಡ ಹಿಡ್ಕೊಂಡು ಇಪ್ಪತ್ತು ಪದ ಓದು, ನಾನು ಬರ್ಕೋತೀನಿ" ಎಂದೆ. ಆಟ ಎಂದುಕೊಂಡ. ಓದಿದ. ಆಮೇಲೆ ಅವನ ಪಟ್ಟಿ, ನನ್ನ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದೆವು. ಸಾಲು ಎಂದು ಓದಿದ್ದನ್ನು ಹಾಲು ಎಂದು ಬರೆದಿದ್ದೆ. ಸೂರು ಊರಾಗಿತ್ತು. ಸೇರು ಏರಾಗಿತ್ತು. ಸರಿ ಎಂಬುದು ಹರಿ ಆಗಿತ್ತು. ಇಪ್ಪತ್ತರಲ್ಲಿ ಹನ್ನೊಂದು ತಪ್ಪು. ಗುಂಡ ಪೆನ್ನಿನ ಮುಚ್ಚಳ ಹಾಕುವುದು, ತೆಗೆಯುವುದು, ಅದನ್ನೇ ಮಾಡುತ್ತಾ ಕೂತ. ಅವನು "ಅಕ್ಕಾ" ಎಂದದ್ದು ಮಾತ್ರ ಚೆನ್ನಾಗಿ ಕೇಳಿಸಿತು, ಅದರಲ್ಲಿ ಸಕಾರವಿಲ್ಲವಲ್ಲ.

ಮನೆಗೆ ಬಂದು ಕೆಟಲ್ ಇಟ್ಟು ಅದರ ಮುಂದೆಯೇ ನಿಂತೆ. ಮೂತಿಯಿಂದ ಆವಿ ನುಗ್ಗುತ್ತಿತ್ತು. ಪಕ್ಕದ ಮನೆಯವರು ಗೋಡೆ ಬಡಿದದ್ದು ಕೇಳಿಸಿತು. ಸಿಳ್ಳೆ ಕೇಳಿಸಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ ಅಪ್ಪಾ.

ಆದರೆ ಡಾಕ್ಟರ ಹತ್ತಿರ ಈಗ ಹೋಗಲಾರೆ. ಹೋದರೆ ಅದಕ್ಕೊಂದು ಹೆಸರಿಡುತ್ತಾರೆ. ಹೆಸರಿಟ್ಟ ಮೇಲೆ ಹನ್ನೆರಡು ಊರಿಗೂ ಸುದ್ದಿ ಮುಟ್ಟುತ್ತದೆ. ಕೇಳಿಸದವಳ ಆಲ್ಬಮ್ಮನ್ನು ಯಾರು ಕೇಳುತ್ತಾರೆ? ಹದಿನೆಂಟು ವರ್ಷ ಕಾದು ಸಿಕ್ಕಿದ್ದು ಇದೊಂದು. ಕಾರ್ಯಕ್ರಮಗಳು ಮುಗಿಯಲಿ, ಜುಲೈನಲ್ಲಿ ಹೋಗುತ್ತೇನೆ. ಭಾನುವಾರದ ಪತ್ರಿಕೆಯವರು ಈ ವಾರ ಸಂದರ್ಶನಕ್ಕೆ ಬರುತ್ತಿದ್ದಾರೆ. ಸಕಾರದ ಬಗ್ಗೆಯೇ ಇಡೀ ಪುಟ ಬರೆಯುತ್ತಾರಂತೆ. ಅವರೆದುರು ನಗುತ್ತಾ ಕೂರಬೇಕು.

ಅಮ್ಮನಿಗೆ ಹೇಳಬೇಡ.

ಮಗಳು


ಏಪ್ರಿಲ್ 9

ಮಗಳೇ,

ಹೇಳಬೇಡ ಎಂದೆಯಲ್ಲ, ನಿನ್ನಮ್ಮನಿಗೆ ಹೇಳದ ಸಂಗತಿ ನನ್ನಲ್ಲಿ ಒಂದಿದೆ. ನೀನು ಜುಲೈ ಎಂದು ಬರೆಯದೆ ಇದ್ದಿದ್ದರೆ ನಿನಗೂ ಹೇಳುತ್ತಿರಲಿಲ್ಲ.

ನಮ್ಮ ಪ್ರೆಸ್ಸಿನಲ್ಲಿ ನನ್ನ ಜೊತೆ ಇದ್ದವನನ್ನು ಮೀಸೆ ಎಂದೇ ಕರೆಯುತ್ತಿದ್ದೆವು. ನಿನಗೆ ನೆನಪಿರಬಹುದು, ನಿನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಸುತ್ತಿಸುತ್ತಿದ್ದ. ಅಲ್ಲಿ ಒಂದು ಪದ್ಧತಿ ಇತ್ತು. ಯಂತ್ರದೊಳಗೆ ಕಾಗದ ಸಿಕ್ಕಿಕೊಂಡರೆ ನಿಲ್ಲಿಸಿ, ರೋಲರುಗಳ ನಡುವೆ ಕೈ ಹಾಕಿ ಎಳೆಯಬೇಕು. ಕೈ ಹಾಕುವವನು ಮೊದಲು ಒಂದು ಸಿಳ್ಳೆ ಹೊಡೆಯುತ್ತಾನೆ. ಸಿಳ್ಳೆ ಬಿದ್ದಿತೆಂದರೆ ಆಚೆ ತುದಿಯಲ್ಲಿರುವವನು ಸ್ವಿಚ್ಚು ಮುಟ್ಟಬಾರದು. ಸುತ್ತಲಿನ ಬೇರೆ ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸದು, ಸಿಳ್ಳೆ ಎಲ್ಲವನ್ನೂ ಸೀಳಿಕೊಂಡು ಬರುತ್ತದೆ ಎಂದೇ ಆ ಪದ್ಧತಿ.

ಅವನು ಸಿಳ್ಳೆ ಹೊಡೆದ. ನಾನು ಸ್ವಿಚ್ಚು ಒತ್ತಿದೆ.

ಬಲಗೈಯ ಮೂರು ಬೆರಳು ಹೋದವು. ವಿಚಾರಣೆಯಲ್ಲಿ ನನ್ನನ್ನು ಕೇಳಿದರು, ಸಿಳ್ಳೆ ಬಿತ್ತೇ ಎಂದು. "ಇಲ್ಲ, ಹೊಡೀಲಿಲ್ಲ" ಎಂದೆ. ನನಗೆ ಕೇಳಿಸಿರಲಿಲ್ಲವಲ್ಲ, ಆದ್ದರಿಂದ ಇದು ಪೂರಾ ಸುಳ್ಳೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಜಾಗರೂಕ ಎಂಬ ಮಾತು ಅವನ ಹೆಸರಿನ ಮುಂದೆ ಬಿತ್ತು. ಅವನು ಒಂದು ಸಲ ನನ್ನ ಮುಖ ನೋಡಿದ, ಅಷ್ಟೇ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಅವನ ಹೆಂಡತಿ ಇವತ್ತಿಗೂ ನಿನ್ನಮ್ಮನ ಜೊತೆ ಮಾರುಕಟ್ಟೆಗೆ ಹೋಗುತ್ತಾಳೆ.

ನಿನ್ನ ಕಿವಿಗೆ ಏನಾಗುತ್ತದೋ ಎಂಬ ಹೆದರಿಕೆ ಇದ್ದೇ ಇದೆ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ. ಮುಚ್ಚಿಡುವುದಕ್ಕೆ ಹೊರಟವನು ಮುಂದೆ ಏನೇನು ಹೇಳಬೇಕಾಗುತ್ತದೆ, ಯಾರ ತಲೆಗೆ ಕಟ್ಟಬೇಕಾಗುತ್ತದೆ ಎಂಬುದು ಅವನ ಕೈಯಲ್ಲಿ ಇರುವುದಿಲ್ಲ. ಆ ಪತ್ರಿಕೆಯವರು ಕೇಳಿದಾಗ ಮೊದಲ ಸುಳ್ಳು ಹೊರಬರುತ್ತದೆ. ತುಂಬ ಸಲೀಸಾಗಿ ಬರುತ್ತದೆ, ನನಗೆ ಗೊತ್ತು. ಜುಲೈವರೆಗೆ ಕಾಯಬೇಡ.

ಅಪ್ಪ


ಏಪ್ರಿಲ್ 27

ಅಪ್ಪಾ,

ನಿನ್ನ ಪತ್ರ ಬಂದದ್ದು ಸಂದರ್ಶನ ಮುಗಿದ ಮಾರನೆಯ ದಿನ. ನೀನು ಹೇಳಿದ ಹಾಗೆಯೇ ಆಗಿತ್ತು. "ಸಕಾರವನ್ನು ಹಾಗೆ ಹರಿತ ಮಾಡುವ ಯೋಚನೆ ಹೇಗೆ ಬಂತು ಮೇಡಂ?" ಎಂದು ಕೇಳಿದರು. "ಬೇಕೂಂತಲೇ ಮಾಡಿದ್ದು. ನಮ್ಮ ಎಂಜಿನಿಯರ್‌ಗೆ ಅರ್ಥ ಆಗ್ಲಿಲ್ಲ, ಅವನು ಹಾಡಿನ ಜೀವಾನೇ ತೆಗೆದಿದ್ದ, ನಾನು ಸರಿ ಮಾಡ್ದೆ" ಎಂದೆ. ಗುಂಡ ಅದೇ ಕೋಣೆಯಲ್ಲಿ ವೈರು ಸುತ್ತುತ್ತಾ ನಿಂತಿದ್ದ. ತಲೆ ಎತ್ತಲಿಲ್ಲ.

ಮೀಸೆ ಮಾಮನ ಬಗ್ಗೆ ಓದಿ ಅರ್ಧ ದಿನ ಏನೂ ಮಾಡಲಾಗಲಿಲ್ಲ. ನಿನ್ನ ಮೇಲೆ ಸಿಟ್ಟು ಬಂತು, ತುಂಬಾ ಬಂತು. ಆಮೇಲೆ ನಾನು ಗುಂಡನಿಗೆ ಮಾಡಿದ್ದು ನೆನಪಾಗಿ, ಸಿಟ್ಟು ಮಾಡಿಕೊಳ್ಳಲು ನಾನು ಯಾರು ಅನ್ನಿಸಿತು. ಪತ್ರಿಕೆಯವರಿಗೆ ಫೋನು ಮಾಡಿದೆ. ಎಂಜಿನಿಯರ್ ಹೇಳಿದ್ದೇ ಸರಿ, ನನಗೆ ಸಕಾರ ಕೇಳಿಸುವುದಿಲ್ಲ, ಹಾಗೆಂದೇ ಅಚ್ಚು ಹಾಕಿ ಎಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಸದ್ದಿಲ್ಲವೋ, ನನಗೆ ಕೇಳಿಸುತ್ತಿಲ್ಲವೋ ಎಂದು ಅದಕ್ಕೂ ಹೆದರಿದೆ. ಕೊನೆಗೆ, "ಹಾಗಾದ್ರೆ ನಾನು ಹೊಗಳಿದ್ದು ಏನನ್ನ ಮೇಡಂ?" ಎಂದರು. ಪಾಪ, ದನಿ ಸಣ್ಣಗಾಗಿತ್ತು. "ನನಗೂ ಗೊತ್ತಿಲ್ಲ ಸರ್, ನಾನಿನ್ನೂ ಅದನ್ನ ಕೇಳಿಲ್ಲ" ಎಂದೆ.

ಪರೀಕ್ಷೆ ಮಾಡಿಸಿದೆ. ಗುಂಡನೇ ಕರೆದುಕೊಂಡು ಹೋದ. ನಕ್ಷೆಯಲ್ಲಿ ನನ್ನ ಕಿವಿಯ ಗೆರೆ ಎಡದಿಂದ ಹೊರಟು ಸ್ವಲ್ಪ ದೂರ ಸಮನಾಗಿದೆ, ಆಮೇಲೆ ಜಾರುಬಂಡಿ. ಎರಡೂ ಕಿವಿಗೆ. ಎಷ್ಟು ವರ್ಷ ಉಳಿಯುತ್ತದೆ ಎಂದು ಕೇಳಿದರೆ ಪರೀಕ್ಷೆ ಮಾಡಿದ ಹೆಂಗಸು ಪೆನ್ನು ಕೆಳಗಿಟ್ಟು, "ಹೇಳಕ್ಕಾಗಲ್ಲ. ಆ ಕಿವಿ ಸ್ಪೀಕರ್ ಮಾತ್ರ ಇವತ್ತೇ ಬಿಡಿ" ಎಂದರು. ಡ್ರಮ್ಮಿನ ಜೊತೆ ಹಾಡಬೇಕಿದ್ದ ಎಂಟು ಊರು ಕೈಬಿಟ್ಟಿದ್ದೇನೆ. ಉಳಿದ ನಾಲ್ಕರಲ್ಲಿ ಬರೀ ಗಿಟಾರು.

ಅಲ್ಲಿಯೇ ಎರಡು ಕಿವಿಯಂತ್ರ ಹಾಕಿ, ಹತ್ತು ದಿನ ಇಟ್ಟುಕೊಂಡು ನೋಡಿ ಎಂದು ಕೊಟ್ಟರು. ಹೊರಗೆ ಬಂದರೆ ನನ್ನ ಚಪ್ಪಲಿಗೆ ಸದ್ದಿದೆ, ಜನರ ಅಂಗಿಗೆ ಸದ್ದಿದೆ. ಮನೆಗೆ ಬಂದು ಆಲ್ಬಮ್ ಹಾಕಿದೆ. ಎರಡನೇ ಹಾಡಿನ ಅರ್ಧಕ್ಕೆ ಯಂತ್ರ ಕಿತ್ತು ಮೇಜಿನ ಮೇಲಿಟ್ಟೆ. ಆ ಮೂರನೆಯ ವಿಮರ್ಶಕ ಬರೆದದ್ದೇ ನಿಜ ಅಪ್ಪಾ, ಕಿವಿ ನೋಯುತ್ತದೆ. ಎಷ್ಟೋ ಸಾವಿರ ಜನ ಕೇಳಿದ್ದಾರೆ, ಬರೆದಿದ್ದಾರೆ, ಜಗಳವಾಡಿದ್ದಾರೆ. ಕೇಳದೆ ಉಳಿದವರು ನಾವಿಬ್ಬರೇ. ಗುಂಡ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡೋಣ ಎನ್ನುತ್ತಿದ್ದಾನೆ. ನನಗೆ ಬೆಳಿಗ್ಗೆ ಎದ್ದ ಕೂಡಲೇ ಭಯವಾಗುತ್ತದೆ. ನಿನ್ನೆಗಿಂತ ಏನಾದರೂ ಕಮ್ಮಿಯಾಗಿದೆಯಾ ಎಂದು ಹಾಸಿಗೆಯಲ್ಲೇ ಕೂತು ಕಿವಿಗೊಟ್ಟು ನೋಡುತ್ತೇನೆ.

ಮನೆತನದಲ್ಲಿ ಬಂದದ್ದಾದರೆ ನಿನ್ನನ್ನೂ ಪರೀಕ್ಷೆ ಮಾಡಬೇಕಂತೆ. ಮೇ ಏಳರ ಗುರುವಾರ ಸಂಜೆ ನಾಲ್ಕಕ್ಕೆ ನಮ್ಮಿಬ್ಬರಿಗೂ ಹೇಳಿಟ್ಟಿದ್ದೇನೆ. ಅಮ್ಮನನ್ನೂ ಕರೆದುಕೊಂಡು ಬಾ. ಆದರೆ ಬರುವ ಮೊದಲು ಮೀಸೆ ಮಾಮನ ವಿಷಯ ಅವಳಿಗೆ ನೀನೇ ಹೇಳು. ನಾನು ಹೇಳುವುದಿಲ್ಲ. ಹೇಳದೆ ಮಾತ್ರ ಬರಬೇಡ.

ನಿನ್ನ ಮಗಳು


ಮೇ 1

ಮಗಳೇ,

ಈ ಬೆಳಿಗ್ಗೆ ತಿಂಡಿಯಾದ ಮೇಲೆ ನಿನ್ನಮ್ಮನಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ, ವಿಚಾರಣೆಯಲ್ಲಿ ಆಡಿದ ಮಾತನ್ನೂ ಬಿಡಲಿಲ್ಲ.

ಅವಳು ಎದ್ದು ಕಿಟಕಿಯ ಹತ್ತಿರ ಹೋದಳು. ನನಗೆ ಬೆನ್ನು ಹಾಕಿ ನಿಂತು ಬಹಳ ಹೊತ್ತು ಮಾತಾಡಿದಳು. ಭುಜ ಅಲ್ಲಾಡುತ್ತಿತ್ತು, ಅದರಿಂದ ಮಾತಾಡುತ್ತಿದ್ದಾಳೆ ಎಂದು ಗೊತ್ತಾಯಿತು. ಏನೆಂದಳೋ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಅವಳು ನನ್ನ ಕಡೆ ಮುಖ ಮಾಡದೆ ಮಾತಾಡಿದ್ದು ಇದೇ ಮೊದಲು. ಇನ್ನೊಮ್ಮೆ ಹೇಳು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಈಗ ಬಟ್ಟೆ ಮಡಚುತ್ತಿದ್ದಾಳೆ. ಮಂಚದ ಮೇಲೆ ಎರಡು ಚೀಲ ಇವೆ. ಒಂದಕ್ಕೆ ನನ್ನ ಅಂಗಿ ಹಾಕಿದಳು. ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇವೆ.

ಅಪ್ಪ